ಬೆಂಚಿನ ಕೆಳಗಿನ ಗುಮ್ಮ

ತಂತಿಯಕ್ಕನಿಗೆ ಎಡಗಿವಿ ಕೇಳಿಸುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಏಕೆಂದರೆ ಅವಳ ದಿನಚರಿಯೆಲ್ಲ ಅದರ ಸುತ್ತಲೇ ತಿರುಗುತ್ತದೆ. ಬಸ್ಸಿನಲ್ಲಿ ಅವಳು ಎಡಬದಿಯ ಕಿಟಕಿಯನ್ನೇ ಹಿಡಿಯಬೇಕು, ಇಲ್ಲದಿದ್ದರೆ ಪಕ್ಕದವರು ಮಾತಾಡಿಸಿ ಮಾತಾಡಿಸಿ ಸೋತು, ಎಂಥ ಜಂಬದ ಹೆಂಗಸು ಎಂದುಕೊಂಡು ಇಳಿದುಹೋಗುತ್ತಾರೆ. ರಸ್ತೆ ದಾಟುವಾಗ ಎರಡೆರಡು ಸಲ ತಲೆ ತಿರುಗಿಸಬೇಕು. ಲಾಭವಿರುವುದು ಮಲಗುವಾಗ ಮಾತ್ರ. ಬಲಗಿವಿಯನ್ನು ದಿಂಬಿಗೆ ಒತ್ತಿಕೊಂಡರೆ ಮುಗಿಯಿತು, ಪಕ್ಕದ ಕೋಣೆಯಲ್ಲಿ ಅಪ್ಪ ಎಷ್ಟು ಗೊರಕೆ ಹೊಡೆದರೂ ಅವಳಿಗೆ ಸುಖನಿದ್ದೆ. ನಲವತ್ತೊಂದು ವರ್ಷವಾದರೂ ಮದುವೆ ಯಾಕಾಗಲಿಲ್ಲ ಎಂದು ಕೇಳುವವರು ಎಡಕ್ಕೆ ನಿಂತು ಕೇಳಿದರೆ ಅವಳಿಗೆ ಅದೂ ಕೇಳಿಸುವುದಿಲ್ಲ.

ಅವಳ ಕಸುಬು ಸ್ಪೀಕರ್ ರಿಪೇರಿ. ಅಂಗಡಿ ಅಪ್ಪನದು. ಮುಂದೊಂದು ಉದ್ದನೆಯ ಮೇಜು, ಹಿಂದೆ ಗೋಡೆಯ ತುಂಬ ಹೊಟ್ಟೆ ಹರಿದ ಸ್ಪೀಕರುಗಳು, ನಡುವೆ ವಾರ್ನಿಷಿನ ವಾಸನೆ. ಸ್ಪೀಕರಿನ ಒಳಗೆ ಬಳೆಯಂಥ ಒಂದು ಕಾಗದದ ಸುರುಳಿ ಇರುತ್ತದೆ, ಅದರ ಮೇಲೆ ಕೂದಲಿಗಿಂತ ತುಸು ದಪ್ಪನೆಯ ತಾಮ್ರದ ತಂತಿ ಸುತ್ತಿರುತ್ತಾರೆ. ಅದೇ ಕಾಯಿಲ್. ಅದು ಸುಟ್ಟರೆ ಎಂಥ ದೊಡ್ಡ ಸ್ಪೀಕರಾದರೂ ಮೂಕ. ಸುಟ್ಟಿದ್ದನ್ನು ಬಿಚ್ಚಿ ಹೊಸ ತಂತಿ ಸುತ್ತುವಾಗ ಸುತ್ತಿನ ಮೇಲೆ ಸುತ್ತು ಏರಬಾರದು, ನಡುವೆ ಉಗುರಿನ ತುದಿಯಷ್ಟೂ ಸಂದು ಬೀಳಬಾರದು. ತಂತಿಯಕ್ಕ ಅದನ್ನು ಕಣ್ಣಿನಿಂದ ನೋಡುವುದೇ ಇಲ್ಲ. ಹೆಬ್ಬೆರಳು ಸವರುತ್ತ ಸುತ್ತುತ್ತಾಳೆ, ಕಿಟಕಿಯಾಚೆ ಹೋಗುವವರನ್ನು ನೋಡುತ್ತ ಸುತ್ತುತ್ತಾಳೆ, ಸಿಟ್ಟು ಬಂದ ದಿನ ಇನ್ನೂ ಚೆನ್ನಾಗಿ ಸುತ್ತುತ್ತಾಳೆ. ಆ ಹೆಸರು ಅವಳಿಗೆ ಬಂದದ್ದೇ ಹಾಗೆ.

ಆದರೆ ಅವಳು ಸುತ್ತಿದ ಒಂದೇ ಒಂದು ಕಾಯಿಲೂ ಅಪ್ಪನ ಕೈಗೆ ಹೋಗದೆ ಅಂಗಡಿಯ ಹೊಸಿಲು ದಾಟುವುದಿಲ್ಲ. ಇಪ್ಪತ್ತೆರಡು ವರ್ಷಗಳಿಂದಲೂ ಇದೇ ಪದ್ಧತಿ. "ಒಂದ್ಸಲ ನೋಡ್ಬಿಡ್ತೀನಿ, ಕೊಡಮ್ಮ" ಎಂದು ಅಪ್ಪ ಕೈ ಚಾಚುತ್ತಾನೆ, ಕನ್ನಡಕ ಏರಿಸುತ್ತಾನೆ, ಮೀಟರಿನ ಕಡ್ಡಿ ತಾಗಿಸಿ ನೋಡುತ್ತಾನೆ, ಹೂಂ ಎನ್ನುತ್ತಾನೆ. ಗಿರಾಕಿಗಳು ನಿಂತು ನೋಡುತ್ತಿರುತ್ತಾರೆ. ಒಂದು ದಿನವೂ ತಪ್ಪು ಸಿಕ್ಕಿಲ್ಲ, ಒಂದು ದಿನವೂ ನೋಡುವುದನ್ನು ಬಿಟ್ಟಿಲ್ಲ. ಮನೆಗೆ ಯಾರಾದರೂ ಬಂದಾಗಲೂ ಅಷ್ಟೇ. ಅವಳು ಗ್ಯಾಸ್ ಆರಿಸಿದರೆ ಅಪ್ಪ ಹೋಗಿ ಗುಂಡಿ ಮುಟ್ಟಿ ಬರುತ್ತಾನೆ, ಅವಳು ಬೀಗ ಹಾಕಿದರೆ ಅಪ್ಪ ಎಳೆದು ನೋಡುತ್ತಾನೆ. ಮಗಳಿಗೆ ಎಚ್ಚರ ಸಾಲದು ಎಂಬುದು ಆ ಬೀದಿಗೆಲ್ಲ ಗೊತ್ತಿರುವ ವಿಷಯ.

ಆ ಮಾತನ್ನು ಹುಟ್ಟಿಸಿದವನು ಡಬ್ಬಣ್ಣ.

ಅವಳಿಗೆ ಹತ್ತೊಂಬತ್ತಾಗಿದ್ದಾಗ ಡಬ್ಬಣ್ಣ ಸಭೆ ಸಮಾರಂಭಗಳಿಗೆ ಸ್ಪೀಕರ್ ಡಬ್ಬಗಳನ್ನು ಸಾಗಿಸಿ ಮೈಕು ಕಟ್ಟುವ ಕೆಲಸ ಮಾಡುತ್ತಿದ್ದ. ಒಂದು ಮಧ್ಯಾಹ್ನ ದೊಡ್ಡ ಸಭಾಂಗಣದಲ್ಲಿ, ತುತ್ತೂರಿಯಂಥ ಬಾಯಿಯ ಸ್ಪೀಕರಿನೊಳಗೆ ಏನೋ ಗಿರಗಿರ ಎನ್ನುತ್ತಿದೆ ಎಂದು ಅವಳನ್ನು ಕರೆಸಿದರು. "ಅಣ್ಣಾ, ನಾನು ಹೇಳೋವರೆಗೂ ಸ್ವಿಚ್ ಹಾಕ್ಬೇಡಿ" ಎಂದು ಹೇಳಿ ಅವಳು ಎಡಗಿವಿ ಮುಂದಾಗಿ ಆ ಬಾಯಿಯೊಳಗೆ ತಲೆ ತೂರಿಸಿದಳು. ಡಬ್ಬಣ್ಣ ಹೂಂ ಎಂದ. ಆಮೇಲೆ ಯಾವಳೋ ಹಾಡುಗಾರ್ತಿಯ ಜೊತೆ ಹಲ್ಲು ಕಿರಿಯುತ್ತ, ತಿರುಗಿಯೂ ನೋಡದೆ, ಸ್ವಿಚ್ ಒತ್ತಿದ. ಅವಳ ಎಡಗಿವಿ ಕೇಳಿದ ಕೊನೆಯ ಸದ್ದು ಅದು.

ಜನ ಓಡಿ ಬಂದಾಗ ಡಬ್ಬಣ್ಣ ಎದೆ ಬಡಿದುಕೊಂಡು ಹೇಳಿದ್ದು ಇಷ್ಟು: "ಈಚೆ ಬಾ, ಹಾಕ್ತೀನಿ ಅಂತ ಮೂರು ಸಲ ಕೂಗಿದೆ. ಇವಳಿಗೆ ಮೈಮೇಲೆ ಎಚ್ಚರಾನೇ ಇಲ್ಲ." ಆಸ್ಪತ್ರೆಯ ಮಂಚದ ಪಕ್ಕ ಕೂತ ಅಪ್ಪನಿಗೆ ಅವಳು ನಡೆದದ್ದನ್ನು ನಡೆದಂತೆ ಹೇಳಿದಳು. ಅಪ್ಪ ನೆಲ ನೋಡುತ್ತ, "ಎಚ್ಚರ ಬೇಡ್ವೇನಮ್ಮ" ಎಂದ. ಅಲ್ಲಿಗೆ ಆ ವಿಷಯ ಮುಗಿಯಿತು, ಅಂದರೆ ಅಪ್ಪನ ಪಾಲಿಗೆ. ಅಂಗಡಿ ಮುಂಚಿಗಿಂತ ಚೆನ್ನಾಗಿಯೇ ನಡೆಯಿತು. ಊರಿನ ಸಭಾಂಗಣಗಳ ರಿಪೇರಿಯನ್ನೆಲ್ಲ ಡಬ್ಬಣ್ಣ ತಪ್ಪದೆ ಅಲ್ಲಿಗೇ ಕಳಿಸುತ್ತಿದ್ದ.

ಕ್ಷಮಿಸುವುದು ದೊಡ್ಡ ಗುಣ ಎನ್ನುವವರು ಎಲ್ಲ ಕಡೆ ಇದ್ದಾರೆ. ಅವರಿಗೆ ಎರಡೂ ಕಿವಿ ಚೆನ್ನಾಗಿ ಕೇಳಿಸುತ್ತಿರುತ್ತದೆ. ತಂತಿಯಕ್ಕ ಕ್ಷಮಿಸಲಿಲ್ಲ. ಇನ್ನೊಬ್ಬರು ಹೂವಿನ ಕುಂಡ ನೋಡಿಕೊಂಡಂತೆ ಅವಳು ತನ್ನ ಸಿಟ್ಟನ್ನು ನೋಡಿಕೊಂಡಳು, ದಿನವೂ ನೀರು ಹಾಕಿ, ಒಣಗಲು ಬಿಡದೆ. ಅವಳಿಗೆ ಬೇಕಾದದ್ದು ಒಂದೇ. ಆ ಮನುಷ್ಯನ ಬಾಯಿಂದ, ಅಪ್ಪ ಎದುರಿಗಿರುವಾಗ, ತಪ್ಪು ನನ್ನದು ಎಂಬ ಮಾತು ಹೊರಡಬೇಕು. ಅದನ್ನು ಕೇಳಿ ಅಪ್ಪ ಅವಳ ಮುಂದೆ ಚಾಚುವ ಆ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು.

ಡಬ್ಬಣ್ಣ ನಡುವೆ ಪರವೂರುಗಳನ್ನೆಲ್ಲ ಸುತ್ತಿ, ಹೆಸರು ಮಾಡಿ, ಕಲಾವಿದನಾಗಿ ತಿರುಗಿ ಬಂದ. ಕುತ್ತಿಗೆಗೊಂದು ಉಣ್ಣೆಯ ವಸ್ತ್ರ, ಮಾತಿನ ನಡುವೆ ಕಣ್ಣು ಮುಚ್ಚುವ ಅಭ್ಯಾಸ. ಹಳೆಯ ಬಟ್ಟೆ ಗೋದಾಮೊಂದನ್ನು ಕಲಾಭವನ ಮಾಡಿದ್ದರು. ಅಲ್ಲಿ ತಾನು ಮಾಡಲಿರುವ ಹೊಸ ಕೆಲಸದ ಚಿತ್ರಗಳ ಸುರುಳಿ ಹಿಡಿದು ಅವನು ನೇರ ಅಂಗಡಿಗೇ ಬಂದ. ಅಪ್ಪ ಎದ್ದು ನಿಂತು ಕುರ್ಚಿ ಒರೆಸಿ ಕೊಟ್ಟ.

"ಊರಲ್ಲಿ ಯಾರಿಗೆ ಯಾರೂ ಬೇಡವಾಗಿದ್ದಾರೆ," ಎಂದು ಡಬ್ಬಣ್ಣ ಕಣ್ಣು ಮುಚ್ಚಿ ಶುರು ಮಾಡಿದ. "ಒಂದೇ ಲಿಫ್ಟಲ್ಲಿ ಹತ್ತು ವರ್ಷ ಹೋಗ್ತಾರೆ, ಹೆಸರು ಗೊತ್ತಿರಲ್ಲ. ನಾನು ಅಂಥವರನ್ನ ಸಂಗೀತದಲ್ಲಿ ಸೇರಿಸ್ತೀನಿ. ಕಿವಿಗಷ್ಟೇ ಅಲ್ಲ. ಮೂಳೆಗೆ, ಮೂಗಿಗೆ, ಚರ್ಮಕ್ಕೆ."

ಅವನ ಚಿತ್ರದಲ್ಲಿದ್ದದ್ದು ಕತ್ತಲೆ ಹಜಾರದಲ್ಲಿ ಹನ್ನೊಂದು ಮರದ ಬೆಂಚುಗಳು. ಒಂದೊಂದರಲ್ಲೂ ಎರಡೇ ಜಾಗ. ಒಬ್ಬರು ಬಂದು ಕೂತರೆ ತಲೆಯ ಮೇಲಿನ ದೀಪ ಅರ್ಧ ಹೊತ್ತಿಕೊಂಡು, ಕೂತ ಹಲಗೆಯಿಂದಲೇ ಒಂದು ಹಾಡು ಮೆಲ್ಲನೆ ಬೆನ್ನುಮೂಳೆಗೆ ಹತ್ತುತ್ತದೆ. ಅಪರಿಚಿತರೊಬ್ಬರು ಬಂದು ಇನ್ನೊಂದು ಜಾಗದಲ್ಲಿ ಕೂತ ಕೂಡಲೇ ದೀಪ ಪೂರ್ತಿ ಹೊತ್ತುತ್ತದೆ, ತೋಳಿನ ಕೆಳಗಿನ ಹಲಗೆ ಬೆಚ್ಚಗಾಗುತ್ತದೆ, ಆಗಷ್ಟೇ ಸುಲಿದ ಕಿತ್ತಳೆ ಸಿಪ್ಪೆಯ ವಾಸನೆ ಬರುತ್ತದೆ, ಹಾಡು ಎರಡರಷ್ಟಾಗಿ ಇಬ್ಬರ ಮೈಯನ್ನೂ ತುಂಬುತ್ತದೆ. ಹಲಗೆಯನ್ನು ನಡುಗಿಸುವುದಕ್ಕೆ ಒಂದೊಂದು ಜಾಗದ ಕೆಳಗೂ ಕಾಗದದ ಬಾಯಿಯಿಲ್ಲದ ಒಂದು ಸ್ಪೀಕರ್ ಬೇಕು. ಅದು ಕೂಗುವುದಿಲ್ಲ, ಗುದ್ದುತ್ತದೆ. ತಂತಿಯಕ್ಕ ಅದಕ್ಕೆ ಗುಮ್ಮ ಎಂದು ಹೆಸರಿಟ್ಟಳು. ಇಪ್ಪತ್ತೆರಡು ಗುಮ್ಮಗಳಿಗೆ ಇಪ್ಪತ್ತೆರಡು ಕಾಯಿಲ್.

"ಇದನ್ನ ಸುತ್ತೋಕೆ ಈ ಊರಲ್ಲಿ ನೀನೊಬ್ಬಳೇ," ಎಂದ ಡಬ್ಬಣ್ಣ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅಪ್ಪನ ಕಡೆ ತಿರುಗಿ, "ನೀವು ಒಂದ್ಸಲ ನೋಡ್ತೀರಲ್ಲ, ನಂಗೆ ಧೈರ್ಯ," ಎಂದು ಸೇರಿಸಿದ. ಅವಳ ಮೈ ಉರಿಯಿತು. ಸರಿ, ಮಾಡಿಕೊಡ್ತೀನಿ ಎಂದಳು.

ಎರಡು ತಿಂಗಳು ಸುತ್ತಿದಳು. ಅಪ್ಪ ಇಪ್ಪತ್ತೆರಡನ್ನೂ ನೋಡಿದ, ಇಪ್ಪತ್ತೆರಡು ಸಲ ಹೂಂ ಎಂದ. ಡಬ್ಬಣ್ಣನ ಚಿತ್ರದಲ್ಲಿ ಎಲ್ಲವೂ ಸ್ಪಷ್ಟವಾಗಿತ್ತು, ಕೆಂಪು ತಂತಿ ಕೆಂಪಿಗೆ, ಕಪ್ಪು ಕಪ್ಪಿಗೆ, ಕೆಳಗೆ ಅವನ ಸಹಿ. ಒಂದು ಬೆಂಚಿನ ಎರಡು ಗುಮ್ಮಗಳೂ ಒಟ್ಟಿಗೆ ಮೇಲಕ್ಕೆ ಗುದ್ದಬೇಕು, ಒಟ್ಟಿಗೆ ಕೆಳಗಿಳಿಯಬೇಕು. ಆಗಲೇ ಹಾಡು ಎರಡರಷ್ಟಾಗುವುದು. ಒಂದು ಕಡೆ ತಂತಿಗಳನ್ನು ಅದಲುಬದಲು ಮಾಡಿದರೆ ಒಂದು ಗುಮ್ಮ ಗುದ್ದುವಾಗ ಇನ್ನೊಂದು ಎಳೆಯುತ್ತದೆ. ಹಲಗೆ ಯಾರ ಮಾತು ಕೇಳಬೇಕು? ಯಾರದ್ದೂ ಕೇಳದೆ ಸುಮ್ಮನಾಗುತ್ತದೆ. ಒಬ್ಬರೇ ಕೂತಾಗ ಮಾತ್ರ ಅವರ ಕೆಳಗಿನ ಒಂದೇ ಗುಮ್ಮ ಗುದ್ದುವುದರಿಂದ ಯಾವ ತೊಂದರೆಯೂ ತಿಳಿಯುವುದಿಲ್ಲ, ಚೆನ್ನಾಗಿಯೇ ಹಾಡುತ್ತದೆ. ಸ್ಪೀಕರ್ ಕೆಲಸದವರಿಗೆಲ್ಲ ಮೊದಲ ವಾರದಲ್ಲೇ ಕಲಿಸುವ ಪಾಠ ಇದು. ಈ ತಪ್ಪಿಗೆ ಬೈಗುಳ ತಿನ್ನದ ಕೆಲಸಗಾರನಿಲ್ಲ.

ಉದ್ಘಾಟನೆಗೆ ಎರಡು ದಿನ ಮುಂಚೆ ಡಬ್ಬಣ್ಣನೇ ಒಬ್ಬೊಬ್ಬರನ್ನೂ ಆಮೇಲೆ ಇಬ್ಬಿಬ್ಬರನ್ನೂ ಕೂರಿಸಿ ಎಲ್ಲ ಬೆಂಚುಗಳನ್ನು ನೋಡಿದ. ಭೇಷಾಗಿತ್ತು. ಉದ್ಘಾಟನೆಯ ದಿನ ಬೆಳಿಗ್ಗೆ ತಂತಿಯಕ್ಕ ಸ್ಕ್ರೂ ಬಿಗಿಮಾಡುವ ನೆಪ ಹೇಳಿ ಒಳಗೆ ಹೋಗಿ, ಬೆನ್ನ ಮೇಲೆ ಮಲಗಿ ಬೆಂಚಿನಿಂದ ಬೆಂಚಿಗೆ ತೆವಳಿದಳು. ಒಂದೊಂದರಲ್ಲೂ ಬಲಗಡೆಯ ಗುಮ್ಮನ ಕೆಂಪು ತೆಗೆದು ಕಪ್ಪಿನ ಜಾಗಕ್ಕೆ, ಕಪ್ಪು ತೆಗೆದು ಕೆಂಪಿನ ಜಾಗಕ್ಕೆ. ಒಂದು ಗಂಟೆಯೂ ಹಿಡಿಯಲಿಲ್ಲ. ಇಷ್ಟು ಖುಷಿಯಿಂದ ಅವಳು ಯಾವ ಕೆಲಸವನ್ನೂ ಮಾಡಿರಲಿಲ್ಲ. ಊರಿನ ದೊಡ್ಡವರೆಲ್ಲ ಜೋಡಿಜೋಡಿಯಾಗಿ ಕೂರುತ್ತಾರೆ, ಕೂತ ಕೂಡಲೇ ಹಾಡು ಸಾಯುತ್ತದೆ, ಡಬ್ಬಣ್ಣ ಉಣ್ಣೆ ವಸ್ತ್ರದಲ್ಲಿ ಮುಖ ಒರೆಸಿಕೊಳ್ಳುತ್ತ ಬೆಂಚಿಂದ ಬೆಂಚಿಗೆ ಓಡುತ್ತಾನೆ. ಅದನ್ನು ನೆನೆಸಿಕೊಂಡು ಅವಳು ಬೆಂಚಿನ ಕೆಳಗೆ ಮಲಗಿದ್ದಂತೆಯೇ ನಕ್ಕಳು.

ಅವಳು ಎಣಿಸಿದಂತೆ ಹಾಡೇನೋ ಸತ್ತಿತು. ಆಮೇಲಿನದು ಅವಳ ಎಣಿಕೆಯಲ್ಲಿರಲಿಲ್ಲ.

ಮೂರನೆಯ ಬೆಂಚಿನಲ್ಲಿ ಒಬ್ಬ ಹಲ್ಲಿನ ಡಾಕ್ಟರು ಒಬ್ಬರೇ ಕೂತು ತಲೆದೂಗುತ್ತಿದ್ದರು. ಬ್ಯಾಂಕಿನ ಹೆಂಗಸೊಬ್ಬಳು ಬಂದು ಪಕ್ಕದಲ್ಲಿ ಕೂತಳು. ದೀಪ ಹೊತ್ತಿತು, ಕಿತ್ತಳೆ ವಾಸನೆ ಬಂತು, ಹಾಡು ನಿಂತಿತು.

"ನಿಮಗೆ ಕೇಳಿಸ್ತಿದ್ಯಾ?" ಎಂದರು ಡಾಕ್ಟರು.

"ಇಲ್ಲ. ನಿಮಗೆ?"

"ಇಷ್ಟು ಹೊತ್ತು ಕೇಳಿಸ್ತಿತ್ತು. ನೀವು ಬಂದ ಮೇಲೆ ನಿಂತೋಯ್ತು."

"ಅಯ್ಯೋ, ನಾನು ಅಷ್ಟು ಕೆಟ್ಟವಳಲ್ಲಪ್ಪ!"

ಇಬ್ಬರೂ ನಕ್ಕರು. ಅವಳು ಎದ್ದಳು, ಹಾಡು ಬಂತು. ಕೂತಳು, ಹೋಯಿತು. ಅವರು ಎದ್ದರು, ಇವಳು ಕೂತಳು. ಹೀಗೆ ಆಟವಾಡುತ್ತ ಆಡುತ್ತ ಮಾತಿಗೆ ಬಿದ್ದರು. ಐದು ನಿಮಿಷದಲ್ಲಿ ಹನ್ನೊಂದು ಬೆಂಚುಗಳಲ್ಲೂ ಮಾತು, ನಗು. ನಿಮಗೆ ಕೇಳಿಸ್ತಿದ್ಯಾ ಎಂಬ ಒಂದು ಪ್ರಶ್ನೆಯಿಂದ ಶುರುವಾಗಿ, ಯಾರ ಹಲ್ಲು ನೋವು, ಯಾರ ಮಗಳ ಪರೀಕ್ಷೆ, ಎಲ್ಲ ಹೊರಗೆ ಬಂತು. ಹಾಡು ಜೋರಾಗಿ ಕೇಳಿಸಿದ್ದರೆ ಜನ ಕಣ್ಣು ಮುಚ್ಚಿ ತಮ್ಮ ಪಾಡಿಗೆ ತಾವು ಕೂತಿರುತ್ತಿದ್ದರು. ಮರುದಿನ ಪತ್ರಿಕೆಯಲ್ಲಿ ಡಬ್ಬಣ್ಣನ ಫೋಟೋ ಬಂತು, ಕಣ್ಣು ಮುಚ್ಚಿಕೊಂಡೇ. ಸಂಗೀತ ಎಲ್ಲಿ ನಿಲ್ಲುತ್ತದೋ ಅಲ್ಲಿ ಮನುಷ್ಯ ಶುರುವಾಗುತ್ತಾನೆ, ಈ ಮೌನಕ್ಕಾಗಿ ನಾನು ಮೂರು ವರ್ಷ ತಪಸ್ಸು ಮಾಡಿದೆ ಎಂದು ಹೇಳಿದ್ದ.

ಸ್ಪೀಕರ್ ಕೆಲಸದಲ್ಲೇ ಬೆಳೆದವನಿಗೆ ಏನಾಗಿದೆ ಎಂದು ತಿಳಿಯದೆ ಇರುತ್ತದೆಯೇ? ಉದ್ಘಾಟನೆಯ ಸಂಜೆಯೇ ಡಬ್ಬಣ್ಣ ಅವಳನ್ನು ಮೂಲೆಗೆ ಕರೆದು, ಬಲಗಿವಿಯ ಪಕ್ಕ ಬಗ್ಗಿ ಹೇಳಿದ್ದ. "ತಂತಿ ಉಲ್ಟಾ ಕೊಟ್ಟಿದ್ದೀಯಲ್ಲ? ಬಿಗಿ ಮಾಡೋವಾಗ ಬಿಚ್ಚಿ ತಪ್ಪಾಗಿ ಹಾಕಿದ್ದೀಯ. ಎಚ್ಚರ ಅನ್ನೋದು ನಿನಗೆ ಯಾವತ್ತೂ ಬರ್ಲಿಲ್ಲ ನೋಡು. ಹೋಗ್ಲಿ ಬಿಡು, ಈ ಸಲ ನಿನ್ನ ತಪ್ಪಿಂದ ನಂಗೆ ಒಳ್ಳೇದೇ ಆಯ್ತು. ಇನ್ಮೇಲೆ ಮುಟ್ಟೋಕೆ ಹೋಗ್ಬೇಡ." ಹೇಳಿ ಬೆನ್ನು ತಟ್ಟಿದ.

ಬೆನ್ನು ತಟ್ಟಿದ್ದನ್ನು ಅವಳು ಒಂದು ವಾರ ಮರೆಯಲಿಲ್ಲ. ಬೇಕೆಂದೇ ಮಾಡಿದ ಕೇಡನ್ನೂ ಅವನು ಅಜಾಗರೂಕತೆಯ ಖಾತೆಗೇ ಹಾಕಿಬಿಟ್ಟಿದ್ದ. ಕೇಡು ಮಾಡುವಷ್ಟು ಯೋಗ್ಯತೆಯೂ ತನಗಿಲ್ಲ ಎಂದಾಯಿತಲ್ಲ ಎಂದು ಅವಳು ಹಲ್ಲು ಕಡಿದಳು. ಅಂಗಡಿಯಲ್ಲಿ ಅಪ್ಪ ಪತ್ರಿಕೆ ಮಡಿಸುತ್ತ, "ಎಷ್ಟು ಎತ್ತರಕ್ಕೆ ಹೋದ್ರು ನೋಡಮ್ಮ. ಆದ್ರೂ ನಮ್ಮನ್ನ ಮರೀಲಿಲ್ಲ," ಎಂದ. ಆ ದಿನ ಅವಳು ಸುತ್ತಿದ ಕಾಯಿಲಿನಷ್ಟು ನುಣುಪಾದದ್ದನ್ನು ಯಾರೂ ಕಂಡಿರಲಿಕ್ಕಿಲ್ಲ.

ಮೂರು ವಾರ ಕಳೆದು ಸುದ್ದಿ ಬಂತು. ಬೇರೆ ಊರಿನ ದೊಡ್ಡ ಕಲಾಸಂಸ್ಥೆಯೊಂದರ ಅಧ್ಯಕ್ಷೆ ತಮ್ಮ ತಂಡದೊಂದಿಗೆ ಮೌನದ ಬೆಂಚುಗಳನ್ನು ನೋಡಲು ಬರುತ್ತಾರೆ, ಮೆಚ್ಚಿದರೆ ಡಬ್ಬಣ್ಣನ ಬೆಂಚುಗಳು ದೇಶವೆಲ್ಲ ಸುತ್ತುತ್ತವೆ. ಅಂಗಡಿಯವರೂ ಬರಬೇಕು ಎಂದು ಡಬ್ಬಣ್ಣನೇ ಹೇಳಿಕಳಿಸಿದ. ತಂತಿಯಕ್ಕ ಅಪ್ಪನ ಒಳ್ಳೆಯ ಅಂಗಿಗೆ ತಾನೇ ಇಸ್ತ್ರಿ ಮಾಡಿದಳು.

ಆ ಬೆಳಿಗ್ಗೆ ಅವಳು ಮತ್ತೆ ಬೆಂಚುಗಳ ಕೆಳಗೆ ತೆವಳಿದಳು. ಕಾವಲಿನವನಿಗೆ ಅವಳ ಮುಖ ಗೊತ್ತಿತ್ತು, ಸ್ಕ್ರೂ ಬಿಗಿಮಾಡುವವಳು. ಈ ಸಲ ಅವಳು ಮಾಡಿದ್ದು ಇಷ್ಟೇ. ಕೆಂಪನ್ನು ಕೆಂಪಿಗೆ ಕೊಟ್ಟಳು, ಕಪ್ಪನ್ನು ಕಪ್ಪಿಗೆ ಕೊಟ್ಟಳು. ಹನ್ನೊಂದು ಬೆಂಚುಗಳೂ ಡಬ್ಬಣ್ಣ ಸಹಿ ಹಾಕಿದ ಚಿತ್ರದಲ್ಲಿದ್ದಂತೆಯೇ ಆದವು, ಒಂದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದೆ. ಚಿತ್ರವನ್ನು ಮಡಿಸಿ ಚೀಲದಲ್ಲಿಟ್ಟುಕೊಂಡಳು. ಅಪ್ಪನನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿ, ತಾನು ಅವನ ಪಕ್ಕದಲ್ಲೇ ನಿಂತಳು.

ಡಬ್ಬಣ್ಣ ಮೈಕು ಹಿಡಿದು ಅರ್ಧ ಗಂಟೆ ಮಾತಾಡಿದ. ಅಧ್ಯಕ್ಷೆ ನೆಟ್ಟನೆ ನಿಂತ ಬಿಳಿಗೂದಲಿನ ಹೆಂಗಸು, ಮಾತು ಕಡಿಮೆ. ಆಕೆಯ ತಂಡದವರು ಹನ್ನೊಂದು ಜನ ಒಂದೊಂದು ಬೆಂಚಿನಲ್ಲಿ ಕೂತರು. ಹಾಡು ಮೆಲ್ಲನೆ ಶುರುವಾಯಿತು.

"ಈಗ," ಎಂದ ಡಬ್ಬಣ್ಣ, ಕಣ್ಣು ಮುಚ್ಚಿ, "ನಿಮಗೆ ಗುರುತಿಲ್ಲದ ಇನ್ನೊಬ್ಬರು ಬಂದು ಕೂರ್ತಾರೆ. ಆಗ ಬರೋ ಮೌನವನ್ನ ಕೇಳಿ."

ಊರಿನ ಹನ್ನೊಂದು ಜನ ಹೋಗಿ ಕೂತರು. ಹಜಾರವೇ ಗುಡುಗಿತು. ಹಾಡು ಎರಡರಷ್ಟಾಗಿ ಹಲಗೆಗಳನ್ನು ನಡುಗಿಸಿತು, ಅಧ್ಯಕ್ಷೆಯ ಕಾರ್ಯದರ್ಶಿಯ ಕನ್ನಡಕ ಮೂಗಿನಿಂದ ಜಾರಿತು, ಒಬ್ಬರು ಅಮ್ಮಾ ಎಂದು ಎದ್ದು ನಿಂತರು. ಡಬ್ಬಣ್ಣ ಕಣ್ಣು ತೆರೆದ. ಅವನ ಮುಖ ಹಿಂಡಿದ ನಿಂಬೆಹಣ್ಣಾಗಿತ್ತು. ತಂತಿಯಕ್ಕನಿಗೆ ಆದ ಸಂತೋಷವನ್ನು ಮುಚ್ಚಿಡುವುದೇಕೆ, ಅವಳಿಗೆ ಕುಣಿಯಬೇಕೆನಿಸಿತು.

"ನಿಲ್ಲಿಸಿ, ನಿಲ್ಲಿಸಿ!" ಎಂದು ಡಬ್ಬಣ್ಣ ಕೂಗಿದ. ಬೆಂಚುಗಳಲ್ಲಿದ್ದವರೆಲ್ಲ ಎದ್ದ ಮೇಲೆ ಮೈಕಿನಲ್ಲೇ ಹೇಳಿದ. "ದಯವಿಟ್ಟು ಕ್ಷಮಿಸಬೇಕು. ನಮ್ಮ ತಂತಿ ಕೆಲಸದವಳು ಏನೋ ಎಡವಟ್ಟು ಮಾಡಿದ್ದಾಳೆ. ಅವಳಿಗೆ ಮೊದಲಿಂದಲೂ ಎಚ್ಚರ ಕಡಿಮೆ, ಬೇಕಾದ್ರೆ ಅವಳ ತಂದೆಯವರನ್ನೇ ಕೇಳಿ, ಇಲ್ಲೇ ಇದ್ದಾರೆ."

ಅಪ್ಪ ಅಭ್ಯಾಸಬಲದಿಂದ ತಲೆ ಅಲ್ಲಾಡಿಸಿದ.

ತಂತಿಯಕ್ಕ ಚೀಲದಿಂದ ಚಿತ್ರ ತೆಗೆದು ನೇರ ಅಧ್ಯಕ್ಷೆಯ ಕೈಗೆ ಕೊಟ್ಟಳು. "ಇದು ಅವರ ಚಿತ್ರ, ಕೆಳಗಿರೋದು ಅವರ ಸಹಿ. ಬೆಂಚುಗಳು ಹೀಗೇ ಇದಾವೆ. ಒಂದು ತಂತಿ ಆಚೀಚೆ ಇದ್ರೆ ನನ್ನ ಕೈ ಕತ್ತರಿಸಿ. ಮೌನ ಇದರಲ್ಲಿ ಎಲ್ಲಿದೆ ಅಂತ ಅವರೇ ತೋರಿಸ್ಲಿ."

ಚಿತ್ರ ಕೈಯಿಂದ ಕೈಗೆ ಹೋಯಿತು. ತಂಡದಲ್ಲಿ ತಿಳಿದವರೊಬ್ಬರಿದ್ದರು. ಅವರು ಬೆರಳಿಟ್ಟು ನೋಡಿ, "ಹೌದು ಮೇಡಂ, ಈ ಪ್ರಕಾರ ಸದ್ದು ಜಾಸ್ತಿಯೇ ಆಗಬೇಕು. ಈಗ ಬಂದದ್ದೇ ಸರಿ," ಎಂದರು.

"ಹಾಗಾದ್ರೆ ಇಷ್ಟು ದಿನ ಜನ ಕೇಳಿದ ಮೌನ ಯಾರು ಮಾಡಿದ್ದು?" ಎಂದರು ಅಧ್ಯಕ್ಷೆ.

"ನಾನು."

"ತಪ್ಪಾಗಿ?"

"ಬೇಕಂತಲೇ. ಇವರ ಮಾನ ಹೋಗ್ಲಿ ಅಂತ ಮಾಡಿದೆ. ಹೋಗ್ಲಿಲ್ಲ, ಹೂವಿನ ಹಾರ ಬಿತ್ತು. ಅದಕ್ಕೇ ಇವತ್ತು ಸರಿ ಮಾಡಿದೆ." ಇಪ್ಪತ್ತೆರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವಳ ದನಿ ನಡುಗಲಿಲ್ಲ. "ಯಾಕೆ ಅಂತ ನನ್ನ ಕೇಳ್ಬೇಡಿ. ನಾನು ಹೇಳಿದ್ರೆ ಯಾರೂ ನಂಬಲ್ಲ. ನನ್ನ ಎಡಗಿವಿ ಹೇಗೆ ಹೋಯ್ತು ಅಂತ ಅವರನ್ನೇ ಕೇಳಿ."

ಅಧ್ಯಕ್ಷೆ ಡಬ್ಬಣ್ಣನ ಕಡೆ ತಿರುಗಿ ಕಾದರು. ಅವನ ಮೂರು ವರ್ಷದ ತಪಸ್ಸು ಆಗಲೇ ಆ ಕಾಗದದ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು, ಇನ್ನೊಂದು ಸುಳ್ಳನ್ನು ಅಲ್ಲಿ ನಿಲ್ಲಿಸುವುದಕ್ಕೆ ಜಾಗವಿರಲಿಲ್ಲ. ಅವನು ವಸ್ತ್ರದಿಂದ ಹಣೆ ಒರೆಸಿಕೊಂಡ. ಮೈಕು ಇನ್ನೂ ಕೈಯಲ್ಲೇ ಇತ್ತು.

"ಸ್ವಿಚ್ ಹಾಕಿದ್ದು ನಾನು," ಎಂದ. "ಅವಳು ಒಳಗೆ ತಲೆ ಇಟ್ಟಿದ್ಲು, ಹಾಕ್ಬೇಡಿ ಅಂತಲೂ ಹೇಳಿದ್ಲು. ನಾನು ಮಾತಾಡ್ತಾ ಮರೆತೆ. ಕೂಗಿದೆ ಅಂತ ಹೇಳಿದ್ದು ಸುಳ್ಳು. ತಪ್ಪು ನನ್ನದು."

ಸ್ಪೀಕರುಗಳು ಆ ಮಾತನ್ನು ಹಜಾರದ ನಾಲ್ಕೂ ಮೂಲೆಗೆ ಮುಟ್ಟಿಸಿದವು. ತಂತಿಯಕ್ಕ ಅಪ್ಪನ ಕಡೆ ನೋಡಿದಳು. ಇಷ್ಟು ವರ್ಷ ಕಾದಿದ್ದೆಲ್ಲ ಆ ಮುಖದಲ್ಲಿ ಆಗಬೇಕಾದ ಬದಲಾವಣೆಗೆ. ಅಪ್ಪ ಬೆಚ್ಚಿಬೀಳಬೇಕಿತ್ತು, ಎದ್ದು ನಿಲ್ಲಬೇಕಿತ್ತು, ಕಡೇಪಕ್ಷ ಡಬ್ಬಣ್ಣನ ಕಡೆ ದುರುಗುಟ್ಟಿ ನೋಡಬೇಕಿತ್ತು. ಅಪ್ಪ ತನ್ನ ಚಪ್ಪಲಿ ನೋಡಿಕೊಳ್ಳುತ್ತ ಕೂತಿದ್ದ.

ಡಬ್ಬಣ್ಣ ಮುಗಿಸಿರಲಿಲ್ಲ. "ಆದ್ರೆ ನಾನು ಮುಚ್ಚಿಟ್ಟಿದ್ದೀನಿ ಅಂತ ಇವಳು ತಿಳ್ಕೊಂಡಿದ್ರೆ ಅದು ಸರಿಯಲ್ಲ. ಆ ವಾರವೇ ಅಂಗಡಿಗೆ ಹೋಗಿ ಇವಳ ತಂದೆಯವರ ಕಾಲು ಹಿಡಿದಿದ್ದೀನಿ. ಎಲ್ಲಾ ಹೇಳಿದ್ದೀನಿ. ಆಗಿದ್ದು ಆಗಿಹೋಯ್ತು, ಯಾರಿಗೂ ಹೇಳ್ಬೇಡ, ಕೆಲಸ ನಮ್ಮ ಅಂಗಡಿಗೇ ಕೊಡ್ತಾ ಇರು ಅಂತ ಅವರೇ ಅಂದ್ರು. ಕೊಡ್ತಾನೂ ಬಂದೆ." ಅವನ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು. "ನಿಮ್ಮಪ್ಪ ನಿಂಗೆ ಹೇಳೇ ಇಲ್ವಾ?"

ಅಪ್ಪ ತಲೆ ಎತ್ತಲಿಲ್ಲ. "ಅಂಗಡಿ ನಡೀಬೇಕಿತ್ತಲ್ಲಮ್ಮ," ಎಂದ, ಮೆಲ್ಲಗೆ. "ನಿನ್ನ ಮೇಲೆ ತಪ್ಪಿದೆ ಅಂತ ಜನಕ್ಕೆ ತೋರಿಸ್ದೆ ಇದ್ರೆ ಅವರಿಗೆ ಕೆಟ್ಟ ಹೆಸರು ಬರ್ತಿತ್ತು. ಮನೇಗೆ ಹೋಗಿ ಮಾತಾಡೋಣ ಬಾ."

ತೋರಿಸದೆ ಇದ್ದರೆ. ಆ ಮೀಟರು, ಆ ಕನ್ನಡಕ, ಗಿರಾಕಿಗಳ ಎದುರಿಗಿನ ಆ ಹೂಂ, ಎಲ್ಲವೂ ತೋರಿಸುವುದಕ್ಕೆ. ಅಪ್ಪ ಅವಳ ಕೈಕೆಲಸವನ್ನು ಒಂದು ದಿನವೂ ಅನುಮಾನಿಸಿರಲಿಲ್ಲ ಎಂಬುದು ಅವಳಿಗೆ ಆಗ ತಿಳಿಯಿತು. ಅನುಮಾನಿಸಿದ್ದರೆ ಅವಳು ಕ್ಷಮಿಸುತ್ತಿದ್ದಳೋ ಏನೋ. ಡಬ್ಬಣ್ಣನ ಮೇಲೆ ಅಷ್ಟು ವರ್ಷ ಸಾಕಿಕೊಂಡು ಬಂದಿದ್ದ ಸಿಟ್ಟು ಅಲ್ಲಿ ನಿಂತ ನಿಲುವಿನಲ್ಲೇ ಅವನನ್ನು ಬಿಟ್ಟು ಮುಂದಿನ ಸಾಲಿನ ಕುರ್ಚಿಗೆ ಹೋಗಿ ಕೂತಿತು. ಅದು ಸ್ವಲ್ಪವೂ ಕಡಿಮೆಯಾಗಿರಲಿಲ್ಲ.

ಅಧ್ಯಕ್ಷೆ ಚಿತ್ರವನ್ನು ಪಕ್ಕಕ್ಕಿಟ್ಟರು. "ಆ ಮೌನ ನಿಮ್ಮದು ಅಂತ ಆಯ್ತು," ಎಂದರು ತಂತಿಯಕ್ಕನಿಗೆ. "ಅದನ್ನ ಕೇಳೋಕೇ ಇಷ್ಟು ದೂರ ಬಂದಿದ್ದೀವಿ. ಒಂದು ಬೆಂಚಲ್ಲಾದ್ರೂ ಕೇಳಿಸ್ತೀರಾ?"

ಅವಳು ಮೊದಲ ಬೆಂಚಿನ ಕೆಳಗೆ ಮಲಗಿ ಕೆಂಪು ಕಪ್ಪು ಅದಲುಬದಲು ಮಾಡಿದಳು. ಕೈ ಎಂದಿನಂತೆಯೇ ಕೆಲಸ ಮಾಡಿತು. ಹೊರಗೆ ಬರುವಷ್ಟರಲ್ಲಿ ಅಪ್ಪ ಎದ್ದು ಬಂದು ಅದೇ ಬೆಂಚಿನ ಒಂದು ತುದಿಯಲ್ಲಿ ಕೂತಿದ್ದ. ದೀಪ ಅರ್ಧ ಹೊತ್ತಿ, ಹಾಡು ಮೆಲ್ಲನೆ ಶುರುವಾಗಿತ್ತು. ಅಪ್ಪ ಪಕ್ಕದ ಖಾಲಿ ಜಾಗವನ್ನು ಅಂಗೈಯಿಂದ ಒರೆಸಿ ಅವಳ ಕಡೆ ನೋಡಿದ.

ಜನರನ್ನು ಕೂರಿಸುವ ಕೆಲಸ ನೀಲಿ ಏಪ್ರನ್ನಿನ ಹೆಂಗಸಿನದು. ಇಷ್ಟು ಹೊತ್ತು ಹೊರಬಾಗಿಲಲ್ಲಿ ನಿಂತಿದ್ದ ಆಕೆಗೆ ಒಳಗಿನ ರಾಮಾಯಣ ಏನೂ ಗೊತ್ತಿರಲಿಲ್ಲ. ಬೆಂಚು ಶುರುವಾದದ್ದು ಕಂಡು ಲಗುಬಗೆಯಿಂದ ಓಡಿ ಬಂದು, ದಿನವೂ ಕೇಳುವುದನ್ನೇ ಕೇಳಿದಳು: "ಇಬ್ರಿಗೂ ಪರಿಚಯ ಇದ್ಯಾ? ಇದ್ರೆ ಒಟ್ಟಿಗೆ ಕೂರಿಸೋ ಹಾಗಿಲ್ಲ."

"ಇವಳು ನಮ್ಮ—" ಎಂದು ಅಪ್ಪ ಬಾಯಿ ತೆರೆದ.

"ಇಲ್ಲ," ಎಂದಳು ತಂತಿಯಕ್ಕ. "ಇವರು ಯಾರು ಅಂತ ನಂಗೆ ಗೊತ್ತಿಲ್ಲ."

"ಹಾಗಾದ್ರೆ ಕೂತ್ಕೊಳ್ಳಿ ಮೇಡಂ," ಎಂದಳು ನೀಲಿ ಏಪ್ರನ್ನಿನವಳು.

ಅವಳು ಕೂತಳು. ಹಾಡು ನಿಂತಿತು.